ಎಡಗೈಗೊಂದು ಪೀಠ

ಮಾರ್ಚ್ ೩, ಸೋಮವಾರ. ಇನ್ನು ನಲವತ್ತು ದಿನ

ಈ ಪುಸ್ತಕದ ಮುಂಬದಿಯಲ್ಲಿ ಅಳತೆಗಳಿವೆ. ರೆಕಾರ್ಡ್ ಪ್ಲೇಯರುಗಳಿಗೆ ಮರದ ಪೀಠ ಮಾಡುವುದು ನನ್ನ ಕಸುಬು. ಯಾವ ಗಿರಾಕಿಗೆ ಎಷ್ಟು ದಪ್ಪದ ಹಲಗೆ, ಮುಳ್ಳು ಹೊತ್ತ ತೋಳನ್ನು ತಟ್ಟೆಯ ನಡುಗೂಟದಿಂದ ಎಷ್ಟು ದೂರಕ್ಕೆ ಕೂರಿಸಬೇಕು, ಎಲ್ಲ ಅಲ್ಲಿದೆ. ಇವತ್ತಿನಿಂದ ಹಿಂಬದಿಯಲ್ಲಿ ಬರೆಯುತ್ತೇನೆ. ಬಾಯಿ ಬಿಟ್ಟು ಹೇಳಿದರೆ ಮನೆಯಲ್ಲಿ ಜಗಳವಾಗುತ್ತದೆ.

ಆರೈಕೆ ಕೇಂದ್ರದಿಂದ ಪತ್ರ ಬಂತು. ಅತ್ತೆಗೆ ಅಲ್ಲಿ ಹಾಸಿಗೆ ಸಿಗುವುದು ಏಪ್ರಿಲ್ ಹನ್ನೆರಡಕ್ಕೆ. ಅರ್ಜಿ ನಾನು ಹಾಕಿದ್ದಲ್ಲ, ಆ ಪಾಪ ನನ್ನ ತಲೆಗೆ ಬೇಡ. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದ ಮೇಲೆ ಅವರನ್ನು ನಮ್ಮಲ್ಲಿಗೆ ಕರೆತಂದು ಮೂರು ವಾರವಾಯಿತು. ಎರಡನೇ ವಾರದಲ್ಲೇ ಮಗಳನ್ನು, ಅಂದರೆ ನನ್ನ ಹೆಂಡತಿಯನ್ನು, ಪಕ್ಕದಲ್ಲಿ ಕೂರಿಸಿಕೊಂಡು ಅರ್ಜಿ ಬರೆಸಿದರು. ಯಾಕೆ ಎಂದು ಕೇಳಿದರೆ ಗೋಡೆ ನೋಡಿದರು. ಬಡಗಿ ಅಳಿಯನ ಮನೆ ಅವರ ಅಂತಸ್ತಿಗೆ ಸಾಲದು, ಇನ್ನೇನು! ನನಗಂತೂ ದೇವರೇ ಕಣ್ಣು ಬಿಟ್ಟ ಹಾಗಾಯಿತು.

ಹೆಂಡತಿ ಬೆಳಗ್ಗೆ ತಾಯಿಗೆ ಸ್ನಾನ ಮಾಡಿಸಿ ಬಸ್ ಡಿಪೋದ ಕೆಲಸಕ್ಕೆ ಹೋದರೆ ಬರುವುದು ಸಂಜೆ ಐದಕ್ಕೆ. ಅಷ್ಟು ಹೊತ್ತೂ ನಾನು. ಕಾರ್ಯಾಗಾರ ಮನೆಗೆ ಅಂಟಿಕೊಂಡೇ ಇರುವುದು ನನ್ನ ಕರ್ಮ. ಹಾಸಿಗೆಯಿಂದ ಕುರ್ಚಿಗೆ ಎತ್ತಬೇಕು, ಕುರ್ಚಿಯಿಂದ ಹಾಸಿಗೆಗೆ ಎತ್ತಬೇಕು, ತಿನ್ನಿಸಬೇಕು, ಮೂತ್ರದ ಚೀಲ ಖಾಲಿ ಮಾಡಬೇಕು. ತಿನ್ನಿಸಿದ್ದರಲ್ಲಿ ಅರ್ಧ ಬಾಯಿಯ ಬಲಮೂಲೆಯಿಂದ ಎಂಜಲಿನ ಎಳೆ ಸಮೇತ ಹೊರಗೆ ಬರುತ್ತದೆ. ಹತ್ತಿರ ಹೋಗದೆ ತಿನ್ನಿಸಲು ಉದ್ದ ಹಿಡಿಯ ಚಮಚ ತಂದಿದ್ದೇನೆ. ಆಮೇಲೆ ಮೂರು ಸಲ ಸೋಪು ಹಾಕಿ ಕೈ ತೊಳೆಯುತ್ತೇನೆ. ಆದರೂ ನನ್ನ ಊಟದ ತಟ್ಟೆಯನ್ನು ಅರ್ಧಕ್ಕೇ ತಳ್ಳುತ್ತೇನೆ. ಹೇಸಿಗೆ. ಬೇರೆ ಪದವಿಲ್ಲ.

ಮಾರ್ಚ್ ೪, ಮಂಗಳವಾರ. ಮೂವತ್ತೊಂಬತ್ತು

ಚಿನ್ನದ ಕಿವಿ ಬಂದಿದ್ದ. ಇದು ಆ ಗಿರಾಕಿಗೆ ನಾನಿಟ್ಟ ಹೆಸರು. ಲೋಕದಲ್ಲಿ ಯಾರಿಗೂ ಕೇಳಿಸದ್ದು ಅವನಿಗೆ ಕೇಳಿಸುತ್ತದಂತೆ. ಅವನಿಗಾಗಿ ಏಳು ಪದರದ ಪ್ಲೈವುಡ್ ಅಂಟಿಸಿ ನಾಲ್ಕು ಬೆರಳು ದಪ್ಪದ ದಿಮ್ಮಿ ಮಾಡಿಟ್ಟಿದ್ದೇನೆ; ಇಷ್ಟು ಒಳ್ಳೆಯ ದಿಮ್ಮಿ ನನ್ನ ಕೈಯಲ್ಲಿ ಎಂದೂ ಆಗಿರಲಿಲ್ಲ. ಅವನು ಅದಕ್ಕೆ ಕಿವಿಯಿಟ್ಟು, ಗೆಣ್ಣಿನಿಂದ ತಟ್ಟಿ, "ಸ್ವಲ್ಪ ಒದ್ದೆ ಸದ್ದು ಇದೆಯಲ್ಲ" ಎಂದ. ಆಮೇಲೆ ಅಂಟು ಒಣಗಿದೆಯೋ ನೋಡಲು ಮೂಲೆಯನ್ನು ನಾಲಗೆಯಿಂದ ನೆಕ್ಕಿದ! ಅವನು ಆಚೆ ಹೋದ ಮರುಗಳಿಗೆ ಆ ಮೂಲೆಯನ್ನು ಉಪ್ಪುಕಾಗದ ಹಾಕಿ ಉಜ್ಜಿದೆ.

ಒಳಗಿನಿಂದ ಅತ್ತೆ ಕೂಗಿದರು: "ಅಳಿಯಂದ್ರೇ, ಆ ಮನುಷ್ಯ ಹಾಡು ಕೇಳ್ತಾನಾ, ಮರ ಕೇಳ್ತಾನಾ?"

ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ನಾವಿಬ್ಬರೂ ಒಪ್ಪಿದ ಮೊದಲ ಮಾತು ಇದಿರಬೇಕು. ಅತ್ತೆ ರೇಡಿಯೊ ಕೇಂದ್ರದಲ್ಲಿ ಮೂವತ್ತೊಂದು ವರ್ಷ ರೆಕಾರ್ಡ್ ಹಾಕುವ ಕೆಲಸದಲ್ಲಿದ್ದವರು. ಕಣ್ಣು ಮುಚ್ಚಿ ಮುಳ್ಳನ್ನು ಬೇಕಾದ ಹಾಡಿನ ಮೊದಲ ಗೆರೆಗೆ ಇಳಿಸುತ್ತಿದ್ದರು ಎಂದು ಹೆಂಡತಿ ಅಷ್ಟೂ ವರ್ಷ ನನ್ನ ತಲೆ ಕೊರೆದಿದ್ದಾಳೆ.

ಮಾರ್ಚ್ ೭, ಶುಕ್ರವಾರ. ಮೂವತ್ತಾರು

ಇವತ್ತು ಕಾರ್ಯಾಗಾರಕ್ಕೆ ಕುರ್ಚಿ ತಳ್ಳಿಸಿಕೊಂಡು ಬಂದರು. ಪರೀಕ್ಷೆಗೆಂದು ಇಟ್ಟಿರುವ ನನ್ನ ಪ್ಲೇಯರಿನ ಮುಂದೆ ನಿಲ್ಲಿಸಿ ಎಂದರು. ತಮ್ಮ ಪೆಟ್ಟಿಗೆಯಿಂದ ಒಂದು ರೆಕಾರ್ಡ್ ತೆಗೆಸಿ ಹಾಕಿಸಿದರು. ತೋಳು ಎಲ್ಲ ಪ್ಲೇಯರಿನಲ್ಲೂ ಇರುವ ಹಾಗೆ ಬಲಬದಿಯಲ್ಲಿ. ಇರುವ ಒಂದು ಎಡಗೈಯನ್ನು ತಿರುಗುವ ತಟ್ಟೆಯ ಮೇಲಿಂದ ಅಷ್ಟು ದೂರ ಚಾಚಿದರು. ಕೈ ನಡುಗಿತು, ಅಂಗಿಯ ತೋಳು ರೆಕಾರ್ಡಿಗೆ ತಾಗಿತು, ಮುಳ್ಳು ಈ ತುದಿಯಿಂದ ಆ ತುದಿಗೆ ಕರ್ರೆಂದು ಗೀರಿಕೊಂಡು ಹೋಯಿತು.

ಆ ಸದ್ದಿಗೆ ನನ್ನ ಹಲ್ಲು ಜುಮ್ಮೆಂದಿತು. ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿದರು. ಎಂಜಲು ಗಲ್ಲಕ್ಕೆ ಇಳಿದಿತ್ತು, ಒರೆಸಲು ಬಟ್ಟೆ ಕೊಟ್ಟರೆ ತೆಗೆದುಕೊಳ್ಳಲಿಲ್ಲ. ನಾನಂತೂ ಒರೆಸಲಿಲ್ಲ.

ಮಾರ್ಚ್ ೧೨, ಬುಧವಾರ. ಮೂವತ್ತೊಂದು

ಐದು ದಿನದಿಂದ ಊಟ ಬಿಟ್ಟ ಹಾಗೆಯೇ. ಹಿಚುಕಿದ ಆಲೂಗಡ್ಡೆ ಎರಡು ಚಮಚ, ಅಷ್ಟಕ್ಕೇ ಬಾಯಿ ಬಿಗಿ. ಆರೈಕೆ ಕೇಂದ್ರದ ಪತ್ರವನ್ನು ಇನ್ನೊಮ್ಮೆ ಓದಿದೆ. ಊಟ ಮಾಡದವರನ್ನು ಅವರು ಸೇರಿಸಿಕೊಳ್ಳುವುದಿಲ್ಲವಂತೆ. ಹಾಗಾದರೆ ಇವರು ನನ್ನ ಪಾಲಿಗೇ ಉಳಿಯುತ್ತಾರೆ!

"ನಾನೇ ಮುಳ್ಳು ಹಾಕ್ತೀನಿ, ಕೇಳಿ ಅತ್ತೆ," ಎಂದೆ.

"ಇನ್ನೊಬ್ರು ಹಾಕಿದ ಮುಳ್ಳೂ ಒಂದೇ, ಇನ್ನೊಬ್ರು ಜಗಿದು ಕೊಟ್ಟ ತುತ್ತೂ ಒಂದೇ," ಎಂದು ಮುಖ ಸಿಂಡರಿಸಿದರು. ಈ ಮನೆಯಲ್ಲಿ ಅಸಹ್ಯ ಪಡುವ ಹಕ್ಕು ನನಗೊಬ್ಬನಿಗೇ ಇದೆ ಎಂದುಕೊಂಡಿದ್ದೆ.

"ತೋಳನ್ನ ಎಡಗಡೆಗೆ ಕೂರಿಸಿ ಒಂದು ಪೀಠ ಮಾಡಿಕೊಟ್ರೆ?"

ಗೋಡೆಯಿಂದ ಮುಖ ಈ ಕಡೆ ತಿರುಗಿತು. "ಎಡಗಡೆಗಾ?"

"ಎಡಗಡೆಗೇ. ಆದ್ರೆ ಊಟ ಮಾಡ್ಬೇಕು."

"ಮೊದ್ಲು ನಕ್ಷೆ ತೋರ್ಸಿ," ಎಂದರು. ತೋರಿಸಿದ ಮೇಲೆ ಹನ್ನೊಂದು ಚಮಚ ತಿಂದರು. ಹೊರಗೆ ಬಿದ್ದದ್ದನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಮಾರ್ಚ್ ೧೮, ಮಂಗಳವಾರ

ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು. ಇಪ್ಪತ್ತೆರಡು ವರ್ಷದ ಕಸುಬು ನೀರಿಗೆ ಬಿತ್ತು.

ಎಲ್ಲ ಪೀಠಕ್ಕೂ ನನ್ನದು ಒಂದೇ ಪದ್ಧತಿ. ನಡುಗೂಟದ ತೂತು, ತೋಳಿನ ಬುಡದ ತೂತು, ತೋಳು ಸುತ್ತುವ ಕಮಾನು, ಇವನ್ನೆಲ್ಲ ಬರೆದ ಪಾರದರ್ಶಕ ಹಾಳೆಯೊಂದಿದೆ. ಅದನ್ನು ಹಲಗೆಯ ಮೇಲಿಟ್ಟು ಮೊಳೆಯಿಂದ ಚುಚ್ಚಿ ಗುರುತು ಮಾಡುತ್ತೇನೆ. ಎಡಗೈಗೆ ಬೇಕಲ್ಲ ಎಂದು ಹಾಳೆಯನ್ನು ದೋಸೆ ಮಗುಚಿದ ಹಾಗೆ ಮಗುಚಿದೆ. ಬಲಕ್ಕಿದ್ದದ್ದು ಎಡಕ್ಕೆ ಬಂತು. ನಡುಗೂಟದಿಂದ ತೋಳಿನ ಬುಡಕ್ಕೆ ಇನ್ನೂರ ಹದಿನೈದು ಮಿಲಿಮೀಟರ್, ಕೂದಲೆಳೆಯಷ್ಟೂ ತಪ್ಪಿಲ್ಲ. ಹಳೆಯ ಬಾಗಿಲಿನ ಹಲಗೆಯಲ್ಲಿ ತೂತು ಕೊರೆದು, ನನ್ನ ಪ್ಲೇಯರಿನ ತಟ್ಟೆಯನ್ನೂ ತೋಳನ್ನೂ ಬಿಚ್ಚಿ ಕೂರಿಸಿ, ಅತ್ತೆಯ ಮುಂದೆ ಇಟ್ಟೆ. ಅವರು ಎಡಗೈಯಿಂದ ಎತ್ತಿ ಇಳಿಸಿದರು. ಮುಳ್ಳು ಟಕಟಕ ಕುಣಿದು, ತೋಳು ಹಾರಿ, ರೆಕಾರ್ಡಿನ ಆಚೆ ಬಿತ್ತು. ಎರಡನೇ ಸಲವೂ ಅದೇ. ಮೂರನೇ ಸಲ ಮುಳ್ಳೇ ಮುರಿಯಿತು.

ಆಗ ಹೊಳೆಯಿತು. ತಟ್ಟೆ ಯಾವಾಗಲೂ ಒಂದೇ ದಿಕ್ಕಿಗೆ ತಿರುಗುತ್ತದೆ. ರೆಕಾರ್ಡಿನ ಗೆರೆ ಮುಳ್ಳನ್ನು ತೋಳಿನ ಬುಡದಿಂದ ಆಚೆಗೆ ಎಳೆದುಕೊಂಡು ಓಡಬೇಕು. ನಾನು ಮಗುಚಿದ್ದರಿಂದ ಗೆರೆ ಎದುರಿನಿಂದ ಬಂದು ಮುಳ್ಳಿಗೆ ಗುದ್ದುತ್ತಿದೆ. ತೋಳನ್ನು ಎಡಕ್ಕೆ ಮಗುಚಿದೆ, ತಟ್ಟೆಯನ್ನು ಮಗುಚಲು ಸಾಧ್ಯವೇ? ಇಷ್ಟು ಪೀಠ ಮಾಡಿದರೂ ತೋಳು ಬಲಕ್ಕೇ ಯಾಕೆ ಇರುತ್ತದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಮೂವತ್ತೊಂದು ವರ್ಷ ಮುಳ್ಳು ಹಾಕಿದ ಅತ್ತೆಗೂ ಹೊಳೆದಿರಲಿಲ್ಲ. ಕತ್ತೆ, ಕೋಣ, ಮರದ ಕೊರಡು ಎಂದು ನನ್ನನ್ನು ನಾನೇ ಬಾಯ್ತುಂಬ ಬೈದುಕೊಳ್ಳುತ್ತ ಅತ್ತೆಯನ್ನು ಎತ್ತಿ ಹಾಸಿಗೆಗೆ ಮಲಗಿಸಿ ಬಂದೆ. ಅವರು ಮೈ ಕುಲುಕಿಸಿಕೊಂಡು ನಗುತ್ತಿದ್ದರು, ಗಲ್ಲವೆಲ್ಲ ಎಂಜಲು, ಒರೆಸಿ ಬಂದೆ. ಆ ಹಲಗೆಯನ್ನು ಕೊಡಲಿಯಲ್ಲಿ ಸೀಳಿದೆ.

ಮಾರ್ಚ್ ೧೯, ಬುಧವಾರ

ಏನೂ ಮಾಡಲಿಲ್ಲ. ಉಳಿ ಮುಟ್ಟಲೂ ಅಸಹ್ಯ.

ಮಾರ್ಚ್ ೨೫, ಮಂಗಳವಾರ

ನಿನ್ನೆ ಅತ್ತೆ ಆ ಹಾಳೆ ಕೇಳಿದರು. ಕೊಟ್ಟೆ. ಊಟದ ತಟ್ಟೆ ಇಡುವ ಹಲಗೆಯ ಮೇಲೆ ಹರಡಿಕೊಂಡು ದಿನವಿಡೀ ಅದನ್ನೇ ನೋಡುತ್ತಿದ್ದರು. ಹಾಳೆಯ ಮೇಲೆ ಎಂಜಲು, ಚಹಾದ ಕಲೆ. ಈಗ ಅದನ್ನು ಇನ್ನೊಬ್ಬ ಗಿರಾಕಿಗೆ ಬಳಸುವ ಹಾಗಿಲ್ಲ, ಹೊಸದು ಬರೆಯಬೇಕು.

ಇವತ್ತು ಬೆಳಗ್ಗೆ, "ಬನ್ನಿ ಇಲ್ಲಿ, ಅಳಿಯಂದ್ರೇ," ಎಂದರು. "ನಿಮಗೆ ಎರಡು ಕೈ ಇರೋದೇ ತೊಂದ್ರೆ ಆಯ್ತು. ಎರಡು ಕೈ ಇದ್ದೋರು ಮಗುಚ್ತಾರೆ. ನನಗೆ ಮಗುಚೋಕಾಗಲ್ಲ, ಹಿಂಗೆ ಜಾರಿಸ್ಬಹುದು ಅಷ್ಟೆ." ಎಡ ಅಂಗೈ ಇಟ್ಟು ಹಾಳೆಯನ್ನು ಕಾಲು ಸುತ್ತು ತಿರುಗಿಸಿದರು.

ನೋಡಿದೆ. ತೋಳಿನ ಬುಡ ಮುಂದಿನ ಬಲಮೂಲೆಗೆ ಬಂತು. ತೋಳು ಪೀಠದ ಮುಂಭಾಗದ ಅಂಚಿನ ಉದ್ದಕ್ಕೂ ಬಲದಿಂದ ಎಡಕ್ಕೆ ಮಲಗಿತು. ಮುಳ್ಳಿರುವ ತಲೆ ಸರಿಯಾಗಿ ಎಡಗೈಯ ಎದುರಿಗೆ! ಗೆರೆ ಮುಂಭಾಗದಲ್ಲಿ ಬಲದಿಂದ ಎಡಕ್ಕೆ ಓಡುತ್ತದೆ, ಮುಳ್ಳನ್ನು ಎಳೆದುಕೊಂಡೇ ಓಡುತ್ತದೆ. ಕೈ ಚಾಚುವುದೂ ಬೇಡ, ತಟ್ಟೆ ದಾಟುವುದೂ ಬೇಡ. ತುಸು ಎತ್ತಿ ಮುಂದಕ್ಕೆ ತಳ್ಳಿದರೆ ಸಾಕು.

"ಅಯ್ಯೋ, ಹೌದಲ್ಲ!" ಎಂದೆ.

"ಹೂಂ, ಹೌದಲ್ಲ," ಎಂದು ಅಣಕಿಸಿದರು.

ಏಪ್ರಿಲ್ ೨, ಬುಧವಾರ

ಅತ್ತೆಯ ಪೀಠಕ್ಕೆ ಚಿನ್ನದ ಕಿವಿಯ ದಿಮ್ಮಿಯನ್ನೇ ಕೊಯ್ದೆ. ಒಳಪದರದಲ್ಲಿ ಪೊಳ್ಳಿದೆ, ಹೊಸದು ಮಾಡಬೇಕು, ಒಂದು ತಿಂಗಳು ಬೇಕು ಎಂದು ಅವನಿಗೆ ಫೋನಿನಲ್ಲಿ ಹೇಳಿದೆ. "ನಾನು ಅವತ್ತೇ ಹೇಳಲಿಲ್ವಾ? ನನಗೆ ಕೇಳಿಸಿತ್ತು!" ಎಂದ. ಥೂ! ಪೊಳ್ಳೂ ಇಲ್ಲ, ಮಣ್ಣೂ ಇಲ್ಲ.

ಒಂದು ವಾರದಿಂದ ಅತ್ತೆಯ ಕುರ್ಚಿ ಕಾರ್ಯಾಗಾರದಲ್ಲೇ. ಅಳತೆ ಅವರ ಕೈಯದ್ದು, ಹಾಗಾಗಿ ಗಳಿಗೆಗೊಮ್ಮೆ ಅವರ ಕೈ ಎಳೆದು ಹಲಗೆಯ ಮೇಲೆ ಇಟ್ಟು ನೋಡಬೇಕು. ಮಣಿಕಟ್ಟು ಊರಲು ಮುಂದಿನ ಅಂಚನ್ನು ಮೂರು ಬೆರಳು ಅಗಲ ಹೆಚ್ಚು ಬಿಟ್ಟು, ಚೂಪು ತೆಗೆದು ಇಳಿಜಾರು ಮಾಡಿದೆ. ಉಪ್ಪುಕಾಗದ ಹಾಕಿದ ಮೇಲೆ ಅವರು ಮಣಿಕಟ್ಟು ಇಟ್ಟು "ಇನ್ನೂ ಚುಚ್ಚತ್ತೆ" ಅನ್ನುತ್ತಾರೆ. ನನ್ನ ಬೆರಳಿಗೆ ಏನೂ ತಾಗುವುದಿಲ್ಲ. ಮತ್ತೆ ಉಜ್ಜುತ್ತೇನೆ. ಆರು ಸಲ! ಇಂಥ ಕಿರಿಕಿರಿ ಗಿರಾಕಿ ನನ್ನ ಜನ್ಮದಲ್ಲಿ ಸಿಕ್ಕಿರಲಿಲ್ಲ.

ಊಟವೂ ಅಲ್ಲೇ ಆಗುತ್ತಿದೆ. ನನಗೊಂದು ತುತ್ತು, ಅವರಿಗೊಂದು ಚಮಚ, ಹೊತ್ತು ಉಳಿಯುತ್ತದೆ. ತೋಳಿನ ಬುಡದ ತೂತನ್ನು ನಾಳೆ ಕೊರೆಯಬೇಕು. ಅದೊಂದು ತಪ್ಪಿದರೆ ಎಲ್ಲ ತಪ್ಪಿದ ಹಾಗೆ.

ಏಪ್ರಿಲ್ ೫, ಶನಿವಾರ

ಹೆಂಡತಿಗೆ ಇವತ್ತು ರಜೆ. ಬಾಗಿಲಿಗೆ ಒರಗಿ ನಿಂತಿದ್ದಳು. ಪೀಠ ಸಮತಟ್ಟಾಗಿದೆಯೇ ಎಂದು ರಸಮಟ್ಟದ ಗುಳ್ಳೆ ನೋಡಿ ಸರಿಮಾಡಿ, ತಟ್ಟೆ ತಿರುಗಿಸಿ, ನಾನು ದೂರ ಸರಿದೆ.

ಅತ್ತೆ ಮಣಿಕಟ್ಟನ್ನು ಅಂಚಿಗೆ ಊರಿದರು. ಹೆಬ್ಬೆರಳು, ತೋರುಬೆರಳಿನಿಂದ ಮುಳ್ಳಿನ ತಲೆಯನ್ನು ಎತ್ತಿದರು. ಈ ಸಲ ಮಣಿಕಟ್ಟು ಅಲುಗಲಿಲ್ಲ. ಕಣ್ಣು ಮುಚ್ಚಿದರು. ಈ ಜಂಭ ಬೇಕಿತ್ತಾ ಎಂದು ನನಗೆ ಸಿಟ್ಟೇ ಬಂತು, ಮುಳ್ಳು ಹೊಸದು. ಅವರು ಮೂರನೆಯ ಹಾಡು ಶುರುವಾಗುವ ಮೊದಲಿನ ಖಾಲಿ ಗೆರೆಗೆ ಇಳಿಸಿದರು. ಎರಡು ಸುತ್ತು ಮೌನ. ಆಮೇಲೆ ಒಬ್ಬ ಹೆಂಗಸು ಹಾಡತೊಡಗಿದಳು.

ನಾನು ಕಣ್ಣು ಒರೆಸಿಕೊಂಡೆ. ಮರದ ಪುಡಿ ಜಾಸ್ತಿಯಾಗಿದೆ ಎಂದು ಬರೆಯಬಹುದು, ಆದರೆ ನಿನ್ನೆಯೇ ಗುಡಿಸಿದ್ದೆ. ಸಂತೋಷವಾಗಿತ್ತು.

ಒಂದು ಸಾಲು ಮುಗಿಯುವಷ್ಟರಲ್ಲಿ ಅತ್ತೆ ಮುಳ್ಳು ಎತ್ತಿಬಿಟ್ಟರು. "ವೇಗ ಕಮ್ಮಿ ಇದೆ," ಎಂದರು.

"ಇಲ್ಲ, ಅತ್ತೆ."

"ಈಕೆ ಹಾಡೋದನ್ನ ನಾನು ಸಾವಿರ ಸಲ ಹಾಕಿದೀನಿ. ಈಕೆಗೆ ಶೀತ ಆಗಿಲ್ಲ. ವೇಗ ಕಮ್ಮಿ ಇದೆ."

ಅಳೆದು ನೋಡಿದೆ. ಕಮ್ಮಿ ಇತ್ತು, ನೂರಕ್ಕೆ ಒಂದರಷ್ಟು. ಬೆಲ್ಟು ಸಡಿಲವಾಗಿತ್ತು. ಬದಲಾಯಿಸಿದೆ. ಸಂಜೆಯವರೆಗೆ ಮೂವತ್ತೇಳು ಸಲ ಮುಳ್ಳು ಹಾಕಿದರು. ತಪ್ಪಿದ್ದು ಎರಡು ಸಲ. ಊಟಕ್ಕೆ ಮಾತ್ರ ನಿಲ್ಲಿಸಿದರು.

ಏಪ್ರಿಲ್ ೯, ಬುಧವಾರ

ಶನಿವಾರ ಅತ್ತೆ ಹೋಗಬೇಕಲ್ಲ, ಪ್ಲೇಯರ್ ಎಲ್ಲಿ ಇಡುವುದು ಎಂದು ನೋಡಲು ಹೆಂಡತಿ ಮನೆಗೆ ಬಂದ ಮೇಲೆ ಆರೈಕೆ ಕೇಂದ್ರಕ್ಕೆ ಹೋದೆ. ರಸಮಟ್ಟ ಚೀಲದಲ್ಲಿತ್ತು.

ಹೊಕ್ಕ ಕೂಡಲೇ ಫಿನಾಯಿಲ್ ವಾಸನೆ ಮೂಗಿಗೆ ಹೊಡೆಯಿತು. ಊಟದ ಕೋಣೆಯಲ್ಲಿ ಒಬ್ಬಳು ನಿಂತುಕೊಂಡೇ, ಕಿಟಕಿಯಾಚೆ ನೋಡುತ್ತ, ಉದ್ದ ಹಿಡಿಯ ಚಮಚದಲ್ಲಿ ಮುದುಕರೊಬ್ಬರಿಗೆ ತಿನ್ನಿಸುತ್ತಿದ್ದಳು. ಸೂಪಿನ ಮೇಲೆ ಕೆನೆ ಕಟ್ಟಿತ್ತು. ಅವರ ಗಲ್ಲದಿಂದ ಅಂಗಿಗೆ ಸುರಿಯುತ್ತಿತ್ತು. ಒರೆಸಬಾರದೆ? ಎರಡು ಕೈ ಇದೆ, ಪಕ್ಕದಲ್ಲಿ ಬಟ್ಟೆಯಿದೆ. ಇಂಥ ಹೇಸಿಗೆಯನ್ನು ನಾನು ಕಂಡಿಲ್ಲ.

ಅತ್ತೆಯ ಕೋಣೆ ಮಹಡಿಯಲ್ಲಿ. ಹಾಸಿಗೆಯ ಪಕ್ಕ ಇಟ್ಟ ಮೇಜಿಗೆ ಚಕ್ರ! ಪ್ಲೇಯರನ್ನು ಚಕ್ರದ ಮೇಲೆ ಇಡುವುದುಂಟೆ? ಕಿಟಕಿಯ ಕಟ್ಟೆ ಇಳಿಜಾರು. ನೆಲ ಹಳೆಯ ಮರದ್ದು. ರಸಮಟ್ಟ ಇಟ್ಟು ಕೂತೆ. ಹೊರಗೆ ಯಾರಾದರೂ ನಡೆದರೆ ಸಾಕು, ಗುಳ್ಳೆ ಗಡಗಡ ನಡುಗುತ್ತದೆ. ಅಲ್ಲಿ ಮುಳ್ಳು ಒಂದು ಹಾಡು ಕೂಡ ಹಾರದೆ ಓಡುವುದಿಲ್ಲ.

ಮೇಲ್ವಿಚಾರಕಿ ಬಂದು, "ಏನ್ ಸಾರ್, ನೆಲದ ಮೇಲೆ ಕೂತಿದೀರಿ?" ಎಂದರು.

"ನೆಲ ಅಲುಗಾಡ್ತಿದೆ."

"ಬೇಕಾದ್ರೆ ಮೇಜು ಬೇರೆ ಕೊಡೋಣ."

"ಮೇಜು ನಾನೇ ಮಾಡ್ತೀನಿ. ನೆಲ?"

"ನೆಲ ಹೇಗೆ ಬದಲಾಯಿಸೋದು, ಸಾರ್?"

"ಅದನ್ನೇ ನಾನೂ ಹೇಳ್ತಿರೋದು," ಎಂದೆ. ಇಂಥ ಜಾಗಕ್ಕೆ ನಮ್ಮವರನ್ನು ಕಳಿಸಲು ಆಗುವುದಿಲ್ಲ ಎಂದೆ. ಹಾಗಾದರೆ ಸರದಿಯಲ್ಲಿ ಮುಂದಿನವರಿಗೆ ಕೊಡುತ್ತೇವೆ, ಇಲ್ಲಿ ಸಹಿ ಮಾಡಿ ಎಂದರು. ಮಾಡಿದೆ.

ಹೆಂಡತಿಗೆ ಹೇಳಿದರೆ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನೆಲ ಅಲುಗಾಡಿದ್ದಕ್ಕೆ ಅಳುವವರನ್ನು ಇದೇ ಮೊದಲು ನೋಡಿದ್ದು. "ರೀ, ಅಮ್ಮಂಗೆ ನೀವೇ ಹೇಳಿ," ಎಂದಳು.

ಏಪ್ರಿಲ್ ೧೦, ಗುರುವಾರ

ಮಧ್ಯಾಹ್ನ ಹೇಳಿದೆ. ಅತ್ತೆ ಹಾಡು ಕೇಳುತ್ತಿದ್ದವರು ಮು‍ಳ್ಳು ಎತ್ತಿ ಪಕ್ಕಕ್ಕಿಟ್ಟರು.

"ಅರ್ಜಿ ನನ್ನದು. ಹಾಸಿಗೆ ಬಿಟ್ಟುಕೊಡೋಕೆ ನೀವ್ಯಾರು?"

ನೆಲದ ವಿಷಯ, ಚಕ್ರದ ವಿಷಯ, ರಸಮಟ್ಟದ ಗುಳ್ಳೆಯ ವಿಷಯ ಎಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು.

"ಅರ್ಜಿ ಯಾಕೆ ಬರೆಸಿದೆ ಅಂತ ಗೊತ್ತಾ ನಿಮಗೆ?"

"ನಮ್ಮನೆ ನಿಮಗೆ ಹಿಡಿಸಲಿಲ್ಲ."

"ನನ್ನ ಎತ್ತುವಾಗ ನೀವು ಉಸಿರು ಬಿಗಿಹಿಡೀತಿದ್ರಿ. ಎತ್ತೋಕೆ ಮುಂಚೆ ಹಿಡಿದ್ರೆ, ಕೂರಿಸಿ ನಾಲ್ಕು ಹೆಜ್ಜೆ ಹಿಂದಕ್ಕೆ ಹೋದ್ಮೇಲೇ ಬಿಡ್ತಿದ್ದಿದ್ದು. ದಿನಕ್ಕೆ ಆರು ಸಲ. ನನ್ನ ಕಿವಿ ನಿಮ್ಮ ಬಾಯಿ ಹತ್ರಾನೇ ಇರ್ತಿತ್ತಲ್ಲ, ಅಳಿಯಂದ್ರೇ. ಕೇಳಿಸ್ದೇ ಇರತ್ತಾ?"

ನನಗೆ ನೆಲ ಸೀಳಿ ಒಳಗೆ ಹೋಗುವ ಹಾಗಾಯಿತು. ಇಷ್ಟೆಲ್ಲ ಕಕ್ಕಿಕೊಂಡ ಈ ಪುಸ್ತಕದಲ್ಲೂ ಅದನ್ನು ನಾನು ಬರೆದಿಲ್ಲ.

"ಈಗ ಹಿಡಿಯಲ್ಲ ನೀವು," ಎಂದರು.

"ಯಾವಾಗಿಂದ?"

"ಆ ಮಗುಚಿದ ಪೀಠ ಕೆಟ್ಟಿತಲ್ಲ, ಅವತ್ತು. ನಿಮ್ಮನ್ನ ನೀವೇ ಬೈಕೊಂಡು ಎತ್ತಿದ್ರಿ. ಬೈಯೋಕೆ ಉಸಿರು ಬೇಕಲ್ಲ."

"ಮತ್ತೆ ಅರ್ಜಿ ವಾಪಸ್ ತಗೋಬಹುದಿತ್ತಲ್ಲ, ಅತ್ತೆ?"

"ನಾನು ತಗೊಂಡ್ರೆ ನಿಮ್ಮ ತಲೆ ಮೇಲೆ ಕೂತ ಹಾಗಾಗ್ತಿತ್ತು," ಎಂದು ಮುಳ್ಳನ್ನು ಮತ್ತೆ ಇಳಿಸಿದರು.

ನಾಲ್ಕು ಗಂಟೆಗೆ ಅವರನ್ನು ಹಾಸಿಗೆಗೆ ಎತ್ತುವಾಗ, ಕೇಳಿಸಲಿ ಎಂದು ಬೇಕೆಂದೇ ಮೂಗರಳಿಸಿ ದೊಡ್ಡದಾಗಿ ಉಸಿರೆಳೆದುಕೊಂಡೆ. ಔಷಧಿ, ಸೋಪು, ಸರಿಯಾಗಿ ಒಣಗದ ಬಟ್ಟೆ, ಮೂತ್ರ. ವಾಸನೆ ಈಗಲೂ ಹೇಸಿಗೆಯೇ. ಇಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

"ಸಾಕು ನಾಟಕ," ಎಂದರು ಅತ್ತೆ ನನ್ನ ಕಿವಿಯ ಹತ್ತಿರ. ಅವರ ಎಡಗೈ ನನ್ನ ಕುತ್ತಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು.